ಗ್ಲಟ್ ವಿಂಡೊ ಹ್ಯಾಂಗ್ ಆಗುವುದು, ದೊಡ್ಡದು ಮಾಡಿದರೆ ಚಿತ್ರ ಕೆಡುವುದು ಏಕೆ?

ನೀವು ಮಿನಿ ಪ್ರಾಜೆಕ್ಟಿಗಾಗಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳನ್ನು (ಅಣೆಕಟ್ಟಿನ ಮೇಲ್ಭಾಗದಿಂದ ನೀರು ಬಿಡುವ ಗೇಟುಗಳು) ಸಿ ಭಾಷೆ ಮತ್ತು ಫ್ರೀಗ್ಲಟ್ (ವಿಂಡೊ, ಮೌಸ್, ಕೀಬೋರ್ಡ್ ನೋಡಿಕೊಳ್ಳುವ ‘ಗ್ಲಟ್’ ಗ್ರಾಫಿಕ್ಸ್ ಲೈಬ್ರರಿಯ ಮುಕ್ತ ರೂಪ) ಬಳಸಿ ಬಿಡಿಸಿದ್ದೀರಿ. ಗೇಟು ಏಳತೊಡಗಿದ ಕೂಡಲೇ ವಿಂಡೊ ‘ನಾಟ್ ರೆಸ್ಪಾಂಡಿಂಗ್’ ಎನ್ನುತ್ತದೆ, ಮ್ಯಾಕ್ಸಿಮೈಸ್ ಮಾಡಿದರೆ ದುಂಡಗಿನ ಸೂರ್ಯ ಅಡ್ಡಕ್ಕೆ ಹಿಗ್ಗುತ್ತಾನೆ, ಒಂದು ಗೇಟಿನ ಮೇಲೆ ಕ್ಲಿಕ್ ಮಾಡಿದರೆ ಇನ್ನೊಂದು ತೆರೆಯುತ್ತದೆ, ನೀರಿನ ಮಟ್ಟ ತೋರಿಸುವ ಎರಡನೆಯ ವಿಂಡೊ ಮುಚ್ಚಿದರೆ ಇಡೀ ಪ್ರೋಗ್ರಾಮೇ ನಿಲ್ಲುತ್ತದೆ ಎಂಬುದು ನಿಮ್ಮ ಪ್ರಶ್ನೆ. ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜೊಂದರ ಗ್ರಾಫಿಕ್ಸ್ ಲ್ಯಾಬಿನಲ್ಲಿ ಪಾಠ ಮಾಡುವ ನಾನು ಈ ನಾಲ್ಕು ತೊಂದರೆಗಳನ್ನೂ ಪದೇ ಪದೇ ನೋಡಿದ್ದೇನೆ. ಇವುಗಳ ಮೂಲ ಹೆಚ್ಚುಕಡಿಮೆ ಒಂದೇ: ವಿಂಡೊವನ್ನು ನಡೆಸುವುದು ಆಪರೇಟಿಂಗ್ ಸಿಸ್ಟಮ್, ಅದು ಕೇಳಿದಾಗ ಚಿತ್ರ ಬಿಡಿಸಿಕೊಟ್ಟು ಬೇಗ ಹಿಂತಿರುಗುವುದಷ್ಟೇ ನಮ್ಮ ಫಂಕ್ಷನ್ನಿನ ಕೆಲಸ.

ಹ್ಯಾಂಗ್ ಆಗುವುದಕ್ಕೆ ಕಾರಣ ಚಿತ್ರ ಬಿಡಿಸುವ ನಿಮ್ಮ ಡಿಸ್‌ಪ್ಲೇ ಫಂಕ್ಷನ್ನಿನೊಳಗೇ ಇದೆ. ಗೇಟನ್ನು ಮೇಲೆತ್ತಲು ಅಲ್ಲಿ ಒಂದು ಫಾರ್ ಲೂಪ್ ಹಾಕಿ, ಪ್ರತಿ ಸುತ್ತಿನಲ್ಲೂ ಸ್ಲೀಪ್ (ಸ್ವಲ್ಪ ಹೊತ್ತು ಕಾಯುವ ಆದೇಶ) ಕೊಟ್ಟಿದ್ದೀರಿ. ಆ ಲೂಪ್ ಮುಗಿಯುವವರೆಗೆ, ಸಂದೇಶಗಳನ್ನು ಸ್ವೀಕರಿಸಿ ನಮ್ಮ ಫಂಕ್ಷನ್ನುಗಳನ್ನು ಕರೆಯುವ ಗ್ಲಟ್‌ಮೇನ್‌ಲೂಪ್‌ಗೆ ಮೌಸ್, ಕೀಬೋರ್ಡ್, ವಿಂಡೊ ಮುಚ್ಚುವ ಗುಂಡಿ ಯಾವುದರ ಸಂದೇಶವೂ ತಲುಪುವುದಿಲ್ಲ. ಹೀಗೆ 5 ಸೆಕೆಂಡ್ ಕಳೆದರೆ ವಿಂಡೋಸ್ ಆ ಪ್ರೋಗ್ರಾಮನ್ನು ಸ್ಪಂದಿಸದೆ ನಿಂತಿದೆ ಎಂದು ಪರಿಗಣಿಸುತ್ತದೆ. ಲೂಪನ್ನೂ ಸ್ಲೀಪನ್ನೂ ತೆಗೆದುಹಾಕಿ. ಗೇಟಿನ ಎತ್ತರವನ್ನು ಗ್ಲೋಬಲ್ ವೇರಿಯೇಬಲ್‌ನಲ್ಲಿಟ್ಟು, 16 ಮಿಲಿಸೆಕೆಂಡಿನ ಗ್ಲಟ್‌ಟೈಮರ್‌ಫಂಕ್ ಮೂಲಕ ಪ್ರತಿ ಸಲ ಸ್ವಲ್ಪ ಹೆಚ್ಚಿಸಿ, ಚಿತ್ರವನ್ನು ಮತ್ತೆ ಬಿಡಿಸಲು ಕೇಳುವ ಗ್ಲಟ್‌ಪೋಸ್ಟ್‌ರೀಡಿಸ್‌ಪ್ಲೇ ಕರೆಯಿರಿ. ಟೈಮರ್ ಒಮ್ಮೆ ಮಾತ್ರ ಓಡುತ್ತದೆ; ಆದ್ದರಿಂದ ಅದರ ಕೊನೆಯ ಸಾಲಿನಲ್ಲಿ ಅದನ್ನೇ ಮತ್ತೆ ನೋಂದಾಯಿಸಬೇಕು. ನೀವು ಡಬಲ್ ಬಫರ್ (ಮರೆಯ ಬಫರಿನಲ್ಲಿ ಬಿಡಿಸಿ, ಮುಗಿದ ಮೇಲೆ ಅದನ್ನು ಪರದೆಗೆ ತರುವ ವ್ಯವಸ್ಥೆ) ಕೇಳಿ, ಕೊನೆಗೆ ಜಿಎಲ್‌ಫ್ಲಶ್ ಬರೆದಿದ್ದೀರಿ. ಅಲ್ಲಿ ಗ್ಲಟ್‌ಸ್ವಾಪ್‌ಬಫರ್ಸ್ ಇರಬೇಕು. ಇಲ್ಲದಿದ್ದರೆ ಚಿತ್ರ ಹಿಂದಿನ ಬಫರಿನಲ್ಲೇ ಉಳಿದು ವಿಂಡೊ ಖಾಲಿಯಾಗಿ ಕಾಣಬಹುದು.

ಸೂರ್ಯ ಹಿಗ್ಗುವ ವಿಷಯವನ್ನು ನಿಧಾನವಾಗಿ ನೋಡಬೇಕು. ನಿಮ್ಮ ಚಿತ್ರದ ಅಳತೆ 660 ಅಗಲ, 660 ಎತ್ತರ; ಪ್ರತಿ ಗೇಟಿನ ಅಗಲ 20. ಮ್ಯಾಕ್ಸಿಮೈಸ್ ಮಾಡಿದಾಗ ವಿಂಡೊದ ಒಳಭಾಗ ಸುಮಾರು 1366ಕ್ಕೆ 700 ಪಿಕ್ಸೆಲ್ ಆಗುತ್ತದೆ ಎಂದಿಟ್ಟುಕೊಳ್ಳಿ. ನೀವು ರೀಶೇಪ್ ಫಂಕ್ಷನ್ (ವಿಂಡೊದ ಗಾತ್ರ ಬದಲಾದಾಗ ಕರೆಯಲಾಗುವುದು) ಕೊಡದಿದ್ದಾಗ ಫ್ರೀಗ್ಲಟ್ ವ್ಯೂಪೋರ್ಟನ್ನು (ವಿಂಡೊದಲ್ಲಿ ಚಿತ್ರ ಮೂಡುವ ಜಾಗ) ಇಡೀ ವಿಂಡೊಗೆ ಹಿಗ್ಗಿಸುತ್ತದೆ, ಆದರೆ ಚಿತ್ರದ ಎಡ, ಬಲ, ಕೆಳ, ಮೇಲಿನ ಅಂಚುಗಳನ್ನು ನಿಗದಿಮಾಡುವ ಗ್ಲೂಆರ್ಥೊ2ಡಿ ಹೇಳಿದ ಚೌಕಾಕಾರದ ಅಳತೆ ಹಾಗೆಯೇ ಉಳಿಯುತ್ತದೆ. ಹೀಗಾಗಿ ಎಲ್ಲವೂ ಎತ್ತರಕ್ಕಿಂತ ಅಗಲದಲ್ಲಿ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಪರಿಹಾರವೆಂದರೆ ನಿಮ್ಮದೇ ರೀಶೇಪ್ ಫಂಕ್ಷನ್ ಬರೆಯುವುದು. ಅದರಲ್ಲಿ ಮೊದಲು ಜಿಎಲ್‌ವ್ಯೂಪೋರ್ಟ್ ಕರೆಯಲೇಬೇಕು, ಏಕೆಂದರೆ ನಿಮ್ಮ ಫಂಕ್ಷನ್ ಬಂದ ಮೇಲೆ ಫ್ರೀಗ್ಲಟ್ ತನ್ನದನ್ನು ಕರೆಯುವುದಿಲ್ಲ. ಬಳಿಕ ಪ್ರೊಜೆಕ್ಷನ್ ಮ್ಯಾಟ್ರಿಕ್ಸಿಗೆ (ಚಿತ್ರದ ಅಳತೆಯನ್ನು ವಿಂಡೊಗೆ ಹೊಂದಿಸುವ ಲೆಕ್ಕ) ಹೋಗಿ, ಹಳೆಯದನ್ನು ಅಳಿಸಲು ಐಡೆಂಟಿಟಿ ಲೋಡ್ ಮಾಡಿ, ವಿಂಡೊ ಅಗಲವಾಗಿದ್ದರೆ ಚಿತ್ರದ ಅಗಲವನ್ನು 660ರ 1366/700 ಪಟ್ಟು, ಅಂದರೆ ಸುಮಾರು 1288 ಎಂದು ಲೆಕ್ಕ ಹಾಕಿ, ಹೆಚ್ಚಾದ ಅಗಲವನ್ನು ಎರಡೂ ಬದಿಗೆ ಸಮನಾಗಿ ಹಂಚಿ, ಗ್ಲೂಆರ್ಥೊ2ಡಿಗೆ ಎಡಕ್ಕೆ ಮೈನಸ್ 314, ಬಲಕ್ಕೆ 974 ಕೊಡಿ. ಎತ್ತರ ಹೆಚ್ಚಿದ್ದರೆ ಇದೇ ಲೆಕ್ಕವನ್ನು ಮೇಲೆ ಕೆಳಗೆ ಮಾಡಿ. ಅಗಲವನ್ನು ಎತ್ತರದಿಂದ ಭಾಗಿಸುವಾಗ ಎರಡೂ ಇಂಟಿಜರ್ ಆಗಿದ್ದರೆ ಸಿ ಭಾಷೆ 1.95ರ ಬದಲು 1 ಎಂದು ಉತ್ತರ ಕೊಡುತ್ತದೆ, ಆಗ ರೀಶೇಪ್ ಬರೆದ ಮೇಲೂ ಸೂರ್ಯ ಹಿಗ್ಗಿಯೇ ಇರುತ್ತಾನೆ. ಒಂದನ್ನು ಫ್ಲೋಟ್ ಮಾಡಿಕೊಳ್ಳಿ. ಎತ್ತರ ಸೊನ್ನೆ ಬಂದರೆ 1 ಎಂದು ತಿದ್ದಿಕೊಂಡೇ ಭಾಗಿಸಿ.

ತಪ್ಪು ಗೇಟು ತೆರೆಯುವುದೂ ಇದೇ ಅಳತೆಯ ಗೊಂದಲ. ಮೌಸ್ ಫಂಕ್ಷನ್ನಿಗೆ ಬರುವುದು ಪಿಕ್ಸೆಲ್, ನಿಮ್ಮ ಗೇಟುಗಳಿರುವುದು ಚಿತ್ರದ ಅಳತೆಯಲ್ಲಿ. ಹಿಗ್ಗಿದ ವಿಂಡೊದಲ್ಲಿ 9ನೆಯ ಗೇಟಿನ ನಡುಭಾಗ ಸುಮಾರು 352ನೆಯ ಪಿಕ್ಸೆಲ್ಲಿಗೆ ಬರುತ್ತದೆ. ಅದನ್ನು ನೇರವಾಗಿ 20ರಿಂದ ಭಾಗಿಸಿದ್ದರಿಂದಲೇ 18ನೆಯ ಗೇಟು ಏಳುತ್ತದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟಿನ ಚೈನ್ ತುಂಡಾಗಿ ನದಿಪಾತ್ರದ ಜನ ಎಷ್ಟು ಆತಂಕಪಟ್ಟರೆಂದು ಕೊಪ್ಪಳದವರಾದ ನಿಮಗೆ ಹೇಳಬೇಕಾಗಿಲ್ಲ; ಯಾವ ಗೇಟು ಎಂಬುದು ಈ ಪ್ರಾಜೆಕ್ಟಿನಲ್ಲಿ ಸರಿಯಾಗಿಯೇ ಇರಬೇಕು. ಹಾಗಾಗಿ ಪರೀಕ್ಷೆಗೆ ಆ 19ನೆಯ ಗೇಟನ್ನೇ ತೆಗೆದುಕೊಳ್ಳಿ. ರೀಶೇಪ್ ಸರಿಪಡಿಸಿದ ಮೇಲೆ ಅದರ ನಡುಭಾಗ 725ನೆಯ ಪಿಕ್ಸೆಲ್ಲಿನ ಹತ್ತಿರ ಇರುತ್ತದೆ. 725ನ್ನು 1288ರಿಂದ ಗುಣಿಸಿ, 1366ರಿಂದ ಭಾಗಿಸಿ, 314 ಕಳೆದರೆ ಸುಮಾರು 370 ಸಿಗುತ್ತದೆ; 20ರಿಂದ ಭಾಗಿಸಿದರೆ ಪೂರ್ಣಾಂಕ 18, ಸೊನ್ನೆಯಿಂದ ಎಣಿಸಿದಾಗ ಅದೇ 19ನೆಯ ಗೇಟು. ಲಂಬ ಅಳತೆ ಗ್ಲಟ್‌ನಲ್ಲಿ ಮೇಲಿನಿಂದ ಕೆಳಕ್ಕೆ ಎಣಿಸಲ್ಪಡುತ್ತದೆ, ಆದ್ದರಿಂದ ಅದನ್ನು ಮೊದಲು ವಿಂಡೊ ಎತ್ತರದಿಂದ ಕಳೆಯಿರಿ.

ಇನ್ನು ಎರಡನೆಯ ವಿಂಡೊ. ಯಾವ ವಿಂಡೊವನ್ನು ಮುಚ್ಚಿದರೂ ಪ್ರೋಗ್ರಾಮಿನಿಂದಲೇ ಹೊರಬೀಳುವುದು ಫ್ರೀಗ್ಲಟ್‌ನ ಮೂಲ ನಡವಳಿಕೆ. ಗ್ಲಟ್‌ಸೆಟ್‌ಆಪ್ಷನ್ ಮೂಲಕ ‘ಕಂಟಿನ್ಯೂ ಎಕ್ಸಿಕ್ಯೂಷನ್’ ಆಯ್ಕೆಯನ್ನು ಮೇನ್‌ಲೂಪ್‌ಗಿಂತ ಮೊದಲು ಕೊಟ್ಟರೆ ಅದು ತಪ್ಪುತ್ತದೆ. ಈ ಫಂಕ್ಷನ್ ಗ್ಲಟ್ ಹೆಡರಿನಲ್ಲಿ ಇಲ್ಲ, ಫ್ರೀಗ್ಲಟ್ ಹೆಡರನ್ನೇ ಸೇರಿಸಿಕೊಳ್ಳಬೇಕು. ಡಿಸ್‌ಪ್ಲೇ, ರೀಶೇಪ್ ಫಂಕ್ಷನ್ನುಗಳು ಆಯಾ ವಿಂಡೊಗೆ ಸೇರಿದವು. ಎರಡನೆಯದನ್ನು ಸೃಷ್ಟಿಸಿದ ನಂತರ ಅದಕ್ಕೂ ಬೇರೆಯಾಗಿ ನೋಂದಾಯಿಸಿ. ಹಾಗೆಯೇ ಎರಡು ವಿಂಡೊ ಇರುವಾಗ ಟೈಮರಿನಲ್ಲಿ ಗ್ಲಟ್‌ಪೋಸ್ಟ್‌ರೀಡಿಸ್‌ಪ್ಲೇ ಬದಲು ಮುಖ್ಯ ವಿಂಡೊದ ಸಂಖ್ಯೆ ಕೊಟ್ಟು ಗ್ಲಟ್‌ಪೋಸ್ಟ್‌ವಿಂಡೊರೀಡಿಸ್‌ಪ್ಲೇ ಬಳಸಿ. ಇಲ್ಲದಿದ್ದರೆ ಎರಡನೆಯದು ಮುಚ್ಚಿದ ಮೇಲೆ ‘ಪ್ರಸ್ತುತ ವಿಂಡೊ ಇಲ್ಲ’ ಎಂಬ ಅರ್ಥದ ಎರರ್ ಬಂದು ಪ್ರೋಗ್ರಾಮ್ ಮತ್ತೆ ನಿಲ್ಲಬಹುದು.