ಬ್ರಿಟನ್‌ನಲ್ಲಿ ಸ್ವಂತ ಉದ್ಯೋಗದ ಒಂಟಿ ತಾಯಿಯ ಆದಾಯ ಏರಿಳಿದರೆ ಯೂನಿವರ್ಸಲ್ ಕ್ರೆಡಿಟ್ ಎಷ್ಟು ಬದಲಾಗುತ್ತದೆ?

ಯೂನಿವರ್ಸಲ್ ಕ್ರೆಡಿಟ್ ಎಂದರೆ ಕಡಿಮೆ ಆದಾಯದವರಿಗೆ ಅಲ್ಲಿನ ಸರ್ಕಾರ ಕೊಡುವ ಮಾಸಿಕ ನೆರವು. ಆದಾಯ ಹೆಚ್ಚಿದ ತಿಂಗಳು ಈ ನೆರವು ಇಳಿಯುತ್ತದೆ, ತಗ್ಗಿದ ತಿಂಗಳು ಏರುತ್ತದೆ. ಆದರೆ ಏರಿಕೆಗೆ ಹಲವರ ವಿಷಯದಲ್ಲಿ ಒಂದು ಮಿತಿಯಿದೆ.

ಮಕ್ಕಳಿರುವವರಿಗೆ ಗಳಿಕೆಯ ಒಂದಿಷ್ಟು ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಾಚೆಗೆ ತೆರಿಗೆ ಕಳೆದು ಉಳಿಯುವ ಪ್ರತಿ 100 ಪೌಂಡ್ ಲಾಭಕ್ಕೆ ನೆರವಿನಲ್ಲಿ 55 ಪೌಂಡ್ ಕಡಿತವಾಗುತ್ತದೆ. ಹೀಗಾಗಿ ದುಡಿದರೆ ನಷ್ಟವೆಂಬ ಭಯ ಬೇಡ, 45 ಪೌಂಡ್ ಕೈಯಲ್ಲೇ ಉಳಿಯುತ್ತದೆ.

ಮುಖ್ಯವಾಗಿ, ಇಲ್ಲಿ ಗಣನೆಗೆ ಬರುವುದು ಕೆಲಸ ಮಾಡಿದ ತಿಂಗಳಲ್ಲ, ಹಣ ಕೈಸೇರಿದ ಮತ್ತು ಖರ್ಚಾದ ತಿಂಗಳು. ಮನೆಯಲ್ಲಿ ಬಟ್ಟೆ ಹೊಲಿಯುವ ತಾಯಿಯೊಬ್ಬಳು ಅಕ್ಟೋಬರಿನಲ್ಲಿ ಹೊಲಿದುಕೊಟ್ಟ ರವಿಕೆಗಳ ಹಣ ಡಿಸೆಂಬರಿನಲ್ಲಿ ಬಂದರೆ, ಅದನ್ನು ಡಿಸೆಂಬರ್ ಅವಧಿಯ ಲೆಕ್ಕದಲ್ಲೇ ತೋರಿಸಬೇಕು. ಅದೇ ಅವಧಿಯಲ್ಲಿ ಯಂತ್ರದ ರಿಪೇರಿಗೆ ಕೊಟ್ಟ ಹಣವನ್ನು ಅದರಿಂದ ಕಳೆಯಬಹುದು.

ಇನ್ನು ಆ ಮಿತಿಯ ವಿಷಯ. ಕಸುಬು ಆರಂಭಿಸಿದವರಿಗೆ ಸಾಮಾನ್ಯವಾಗಿ 12 ತಿಂಗಳ ರಿಯಾಯಿತಿ ಅವಧಿ ಇರುತ್ತದೆ. ಅದು ಮುಗಿದ ಮೇಲೆ, ನಿಮ್ಮಿಂದ ನಿರೀಕ್ಷಿಸುವ ಗಂಟೆಗಳಷ್ಟು ಕನಿಷ್ಠ ವೇತನದಲ್ಲಿ ದುಡಿದರೆ ಸಿಗುವ ಮೊತ್ತವನ್ನು ಕನಿಷ್ಠ ಗಳಿಕೆಯೆಂದು ಭಾವಿಸುತ್ತಾರೆ. ನಿಜವಾದ ಲಾಭ ಅದಕ್ಕಿಂತ ಕಡಿಮೆಯಾದರೂ ಭಾವಿಸಿದ ಮೊತ್ತಕ್ಕೇ ಕಡಿತ ನಡೆಯುತ್ತದೆ. ಒಳ್ಳೆಯ ತಿಂಗಳಲ್ಲಿ ಪೂರ್ಣ ಕಡಿತ, ಬರಿಗೈಯ ತಿಂಗಳಲ್ಲಿ ಅರೆ ಪರಿಹಾರ: ವ್ಯವಸ್ಥೆಯ ಅತ್ಯಂತ ಅನ್ಯಾಯದ ಭಾಗ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಮಗುವಿಗೆ 3 ವರ್ಷ ತುಂಬುವವರೆಗೆ ಅದನ್ನು ನೋಡಿಕೊಳ್ಳುವ ಒಂಟಿ ತಾಯಿಗೆ ಈ ನಿಯಮ ಅನ್ವಯಿಸುವುದಿಲ್ಲ.