ಕಟ್ಟಿ ತೀರಿಸಿದ ಸಾಲ ಸಿಬಿಲ್‌ನಲ್ಲಿ ಇನ್ನೂ ಬಾಕಿ!

ಪ್ರಶ್ನೆ: ಬೈಕ್ ಸಾಲ 2021ರಲ್ಲೇ ಪೂರ್ತಿ ತೀರಿಸಿ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ತಗೊಂಡಿದ್ದೇನೆ ಸರ್. ಈಗ ಶುಂಠಿ ಹೊಲಕ್ಕೆ ಟಿಲ್ಲರ್ ಸಾಲ ಕೇಳಿದರೆ ‘ನಿಮ್ಮ ಸಿಬಿಲ್ ಸರಿ ಇಲ್ಲ’ ಅಂದರು. ರಿಪೋರ್ಟ್ ತೆಗೆದು ನೋಡಿದರೆ ಬೈಕ್ ಸಾಲದಲ್ಲಿ 4,720 ರೂಪಾಯಿ ಬಾಕಿ ಅಂತಿದೆ. ಜೊತೆಗೆ ನಾನು ತಗೊಂಡೇ ಇಲ್ಲದ ಪರ್ಸನಲ್ ಲೋನ್ ಒಂದಿದೆ. ಎಂಟು ಸಾವಿರ ಕೊಟ್ಟರೆ ಸರಿ ಮಾಡಿಸುತ್ತೇನೆ ಅಂತ ಹಾಸನದಲ್ಲಿ ಒಬ್ಬರು ಹೇಳುತ್ತಿದ್ದಾರೆ. ಕೊಡಲಾ?
– ಓದುಗರೊಬ್ಬರು, ಆಲೂರು

ಉತ್ತರ: ಖಂಡಿತ ಕೊಡಬೇಡಿ. ಅವರು ಮಾಡುವುದು ನೀವೇ ಮೊಬೈಲಲ್ಲಿ ದುಡ್ಡಿಲ್ಲದೆ ಮಾಡಬಹುದಾದ ಕೆಲಸ, ಅದಕ್ಕೆ ನಿಮ್ಮ ಪ್ಯಾನ್, ಒಟಿಪಿ ಬೇರೆ ಕೇಳುತ್ತಾರೆ.

ಸಿಬಿಲ್ ಅಂದರೆ ಜನರ ಸಾಲದ ದಾಖಲೆ ಇಡುವ ಕಂಪನಿ. ಸಾಲ ಕೊಟ್ಟವರು ಕಳಿಸಿದ ಲೆಕ್ಕವನ್ನು ಅದು ಹಾಗೇ ಇಟ್ಟುಕೊಂಡಿರುತ್ತದೆ, ಅವರು ಒಪ್ಪದೆ ಒಂದಂಕಿಯನ್ನೂ ತಿದ್ದುವುದಿಲ್ಲ. ಹಾಗಾಗಿ ಸಿಬಿಲ್ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ (ದಾಖಲೆ ತಪ್ಪಿದೆ ಅನ್ನೋ ದೂರು) ಹಾಕಿ, ಅದೇ ದಿನ ಫೈನಾನ್ಸ್ ಕಂಪನಿಗೂ ಎನ್‌ಒಸಿ ಸಮೇತ ಇಮೇಲ್ ಮಾಡಿ. ಎನ್‌ಒಸಿಯಲ್ಲಿ ಲೋನ್ ನಂಬರ್ ಇದೆಯಾ, ಅದು ರಿಪೋರ್ಟಿನ ನಂಬರಿಗೆ ಹೊಂದುತ್ತಾ ನೋಡಿಕೊಳ್ಳಿ. ಬ್ರಾಂಚಿಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ‘ಆಯ್ತು ಬಿಡಿ, ನೋಡ್ತೀವಿ’ ಅಂತಾರೆ, ಅಷ್ಟೇ. ದೂರಿನ ನಂಬರ್, ತಾರೀಕು ಕೈಯಲ್ಲಿರಬೇಕು. ಯಾಕೆಂದರೆ 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಬರಬೇಕು. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ಆ ಪರಿಹಾರ ಅವರ ತಲೆ ಮೇಲೆ, ಕಳಿಸಿಯೂ ತಿದ್ದದಿದ್ದರೆ ಸಿಬಿಲ್ ತಲೆ ಮೇಲೆ.

‘ಹೋಗಲಿ, 4,720 ಕಟ್ಟಿ ಸೆಟಲ್ ಮಾಡಿಕೊಳ್ಳಿ’ ಅಂತ ಫೋನ್ ಬರಬಹುದು. ಒಪ್ಪಬೇಡಿ. ರಿಪೋರ್ಟಲ್ಲಿ ‘ಕ್ಲೋಸ್ಡ್’ ಅಂತ ಬರಬೇಕು. ‘ಸೆಟಲ್ಡ್’ ಅಂದರೆ ಪೂರ್ತಿ ಕಟ್ಟಲಿಲ್ಲ ಅಂತ ಅರ್ಥ, ಮುಂದೆ ಸಾಲ ಕೊಡುವವರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಇನ್ನು ನಿಮ್ಮದಲ್ಲದ ಆ ಲೋನ್. ನನಗೆ ಜಾಸ್ತಿ ಚಿಂತೆ ಇದರದ್ದೇ. ರಿಪೋರ್ಟಿನಲ್ಲಿ ಹುಟ್ಟಿದ ದಿನ, ವಿಳಾಸ, ಪ್ಯಾನ್ ಮೂರನ್ನೂ ಕಣ್ಣಿಟ್ಟು ನೋಡಿ. ಗುರುತಿಲ್ಲದ ವಿಳಾಸ ಸೇರಿಕೊಂಡಿದ್ದರೆ ನಿಮ್ಮದೇ ಹೆಸರಿನ ಬೇರೆ ಯಾರದ್ದೋ ಸಾಲ ಬಂದು ಅಂಟಿಕೊಂಡಿರಬಹುದು, ನಮ್ಮ ಕಡೆ ಒಂದೇ ಹೆಸರಿನವರಿಗೆ ಬರವಾ? ಅದು ಡಿಸ್ಪ್ಯೂಟಲ್ಲೇ ಹೋಗುತ್ತೆ. ಆದರೆ ನಿಮ್ಮದೇ ಪ್ಯಾನ್ ಬಳಸಿ ಯಾರೋ ಸಾಲ ಎತ್ತಿದ್ದರೆ ಅದು ಮೋಸ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪೊಲೀಸರಿಗೂ ದೂರು ಕೊಟ್ಟು, ಅದರ ಪ್ರತಿಯನ್ನು ಸಾಲ ಕೊಟ್ಟ ಕಂಪನಿಗೆ ಕಳಿಸಿ.

ಸಿಬಿಲ್ ತರದ್ದೇ ಬೇರೆ ಕಂಪನಿಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ರಿಪೋರ್ಟ್‌ಗಳನ್ನೂ ತೆಗೆದು ನೋಡಿ. ಒಂದೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತ.

ಮೂವತ್ತು ದಿನ ಕಳೆದರೂ ಉತ್ತರ ಇಲ್ಲದಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದೂ ಉಚಿತ. ಅಲ್ಲಿಯವರೆಗೆ ಟಿಲ್ಲರ್ ಸಾಲಕ್ಕೆ ಅಂತ ಕಂಡ ಕಂಡ ಬ್ಯಾಂಕಲ್ಲೆಲ್ಲ ಅರ್ಜಿ ಹಾಕಬೇಡಿ, ಅರ್ಜಿ ಬಂದಾಗ ಬ್ಯಾಂಕ್ ಸಿಬಿಲ್‌ನಲ್ಲಿ ಮಾಡುವ ಪ್ರತಿ ವಿಚಾರಣೆಯೂ ರಿಪೋರ್ಟಿನಲ್ಲಿ ದಾಖಲಾಗುತ್ತೆ.