ಸ್ಟಾಕ್‌ಫಿಶ್ ಕೋಡನ್ನು ಎಷ್ಟು ಪರ್ಸೆಂಟ್ ಬದಲಾಯಿಸಿದರೆ ಅದು ನನ್ನ ಸ್ವಂತ ಚೆಸ್ ಎಂಜಿನ್ ಆಗುತ್ತದೆ?

ಪರ್ಸೆಂಟ್ ಲೆಕ್ಕವೇ ತಪ್ಪು. ಸ್ಟಾಕ್‌ಫಿಶ್ ಒಂದು ಚೆಸ್ ಎಂಜಿನ್, ಅಂದರೆ ತಾನೇ ಚೆಸ್ ಆಡುವ ಪ್ರೋಗ್ರಾಂ; ಅದರ ಕೋಡ್ ಎಲ್ಲರಿಗೂ ತೆರೆದಿದೆ. "ಓಪನ್ ಸೋರ್ಸ್ ತಾನೇ, ಟೂರ್ನಮೆಂಟ್‌ಗೆ ಕಳಿಸಿದರೆ ಯಾರು ಏನು ಕೇಳ್ತಾರೆ" ಅಂತ ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಕೇಳಿದರು.

ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಹೊಸತು. ರಾತ್ರಿಯೆಲ್ಲ ಕೂತು ಚೆಸ್ ಎಂಜಿನ್ ಬರೆಯುವ ಹುಚ್ಚು. ಮುಂದಿನ ನಡೆಗಳನ್ನು ಹುಡುಕುವ ಸರ್ಚ್ ಭಾಗ (ಆಲ್ಫಾ-ಬೀಟಾ, ಹ್ಯಾಶ್ ಟೇಬಲ್) ಎಲ್ಲ ನಾನೇ ಬರೆದಿದ್ದೆ. ಯಾವ ಕಾಯಿ ಯಾವ ಮನೆಯಲ್ಲಿದ್ದರೆ ಎಷ್ಟು ಬೆಲೆ ಅಂತ ಹೇಳುವ ಇವ್ಯಾಲ್ಯುಯೇಷನ್ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ನನ್ನ ಎಂಜಿನ್ ಕುದುರೆಯನ್ನು ಕರ್ಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸುತ್ತಿತ್ತು. ಆಗ ಫ್ರೂಟ್ ಎಂಬ ಇನ್ನೊಂದು ಎಂಜಿನ್‌ನ 2.1 ಆವೃತ್ತಿಯ ಕೋಡ್ ತೆರೆದೆ. ಫಾಬಿಯನ್ ಲೆಟೂಜೆ 2005ರಲ್ಲಿ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಹಾಕಿ ಹೊರಗೆ ಬಿಟ್ಟ ಎಂಜಿನ್ ಅದು. ಎಷ್ಟು ಚೊಕ್ಕ ಕೋಡ್ ಅಂದರೆ, ಸುಮ್ನೆ ಓದುತ್ತಾ ಕೂರಬಹುದು.

ಅದರಲ್ಲಿ ಕುದುರೆಗೆ ಅಂತ ಒಂದು ಸಾಲಿದೆ: -4, -2, 0, 1, 1, 0, -2, -4. ಅಂಚಿನಲ್ಲಿ ಕಡಿಮೆ, ನಡುವೆ ಜಾಸ್ತಿ. ಇದನ್ನು ಅಡ್ಡಕ್ಕೂ ಉದ್ದಕ್ಕೂ ಹಿಡಿದು ಕೂಡಿಸಿ 5ರಿಂದ ಗುಣಿಸುತ್ತಾರೆ; ಪ್ರತಿ ಮನೆಗೂ ಒಂದು ಬೆಲೆಯಿರುವ ಟೇಬಲ್ ಸಿಗುತ್ತದೆ. ನಾನು ಸಾಲನ್ನು ಹಾಗೇ ಎತ್ತಿಕೊಂಡು 5ರ ಜಾಗದಲ್ಲಿ 7 ಹಾಕಿದೆ. ಉಳಿದ ಕಾಯಿಗಳಿಗೂ ಒಂದೊಂದು ಅಂಕಿ ತಿರುವಿದೆ. ವೇರಿಯಬಲ್‌ಗಳ ಹೆಸರು ಬದಲಿಸಿದೆ. ಫೈಲಿನ ತಲೆಯಲ್ಲಿದ್ದ ಕಾಪಿರೈಟ್ ಸಾಲು ಅಳಿಸಿದೆ. ಟೇಬಲ್‌ನ ಅಂಕಿಗಳೆಲ್ಲ ಈಗ ಬೇರೆ, ಅಲ್ವಾ?

ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುಣಿಸಿದರೆ ಅಂಕಿ ಬದಲಾಗುತ್ತದೆ, ಅವುಗಳ ನಡುವಿನ ಅನುಪಾತ ಬದಲಾಗುವುದಿಲ್ಲ. ನನ್ನ ಕುದುರೆಯ ಸಾಲು 7ರಿಂದ ಗುಣಿಸಿದ ಮೇಲೆ -28, -14, 0, 7. ಇದನ್ನು 7ರಿಂದ ಭಾಗಿಸಿ ನೋಡಿ, ಫ್ರೂಟ್ ಸಾಲು ವಾಪಸ್ ಬಂತು. ಆಟ ಆಡಿಸಿ ಆಡಿಸಿ ಅಂಕಿಗಳನ್ನು ಸ್ವಲ್ಪ ಸ್ವಲ್ಪವೇ ತಿದ್ದಿ ಟ್ಯೂನ್ ಮಾಡಿದ ಟೇಬಲ್ ಒಡ್ಡೊಡ್ಡಾಗಿರುತ್ತದೆ: ಒಂದು ಕಡೆ 13, ಇನ್ನೊಂದು ಕಡೆ -31. ನನ್ನ ಕುದುರೆ ಟೇಬಲ್‌ನಲ್ಲಿ ಪ್ರತಿ ಮನೆಯೂ 7ರ ಮಗ್ಗಿ. ನಾನು ಕಳಿಸಿದ್ದು ಕೋಡ್ ಅಲ್ಲ, ಓಡಿಸುವ ಇಎಕ್ಸ್‌ಇ ಫೈಲ್ ಮಾತ್ರ, ಒಳಗೆ ಯಾರು ನೋಡ್ತಾರೆ ಅನ್ನೋ ಧೈರ್ಯ. ಆ ಸಣ್ಣ ಆನ್‌ಲೈನ್ ಟೂರ್ನಮೆಂಟಿನ ಎದುರಾಳಿಯೊಬ್ಬ ಅದನ್ನು ಡಿಸ್‌ಅಸೆಂಬ್ಲರ್‌ನಲ್ಲಿ (ಇಎಕ್ಸ್‌ಇ ಒಳಗಿರುವುದನ್ನು ಬಿಡಿಸಿ ತೋರಿಸುವ ಸಾಧನ) ತೆರೆದು, ಮಗ್ಗಿ ಹಿಡಿದು, ಫ್ರೂಟ್ ಸಾಲಿನ ಪಕ್ಕ ಇಟ್ಟು ಆಯೋಜಕರಿಗೆ ಕಳಿಸಿಬಿಟ್ಟ. ಫಾರ್ಮ್‌ನಲ್ಲಿ ನಾನು "ಪೂರ್ತಿ ಸ್ವಂತ" ಅಂತ ಬರೆದಿದ್ದೆ. ಪಾಯಿಂಟ್ ಎಲ್ಲ ಹೋಯಿತು. ಸರ್ಚ್ ಭಾಗ ನಿಜಕ್ಕೂ ನನ್ನದೇ, ಅದನ್ನೂ ಯಾರೂ ನಂಬಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಇದೇ ಫ್ರೂಟ್ ವಿಷಯಕ್ಕೆ ಅದಕ್ಕೂ ಮುಂಚೆಯೇ ದೊಡ್ಡ ರಾದ್ಧಾಂತ ಆಗಿತ್ತು ಅಂತ ಆಮೇಲೆ ಓದಿದೆ. ರಿಬ್ಕಾ ಎಂಬ ಎಂಜಿನ್ 2007ರಿಂದ 2010ರವರೆಗೆ ಗೆದ್ದಿದ್ದ ವಿಶ್ವ ಪಟ್ಟಗಳನ್ನು, ಆ ಪಂದ್ಯಗಳನ್ನು ನಡೆಸುವ ಸಂಸ್ಥೆ ಐಸಿಜಿಎ, ಫ್ರೂಟ್ ಕೋಡ್ ನಕಲು ಮಾಡಿದ್ದಾರೆ ಅಂತ 2011ರಲ್ಲಿ ಕಿತ್ತುಕೊಂಡಿತು. ತನಿಖೆಯವರು ಎತ್ತಿ ತೋರಿಸಿದ್ದರಲ್ಲಿ ಇಂಥ ಟೇಬಲ್‌ಗಳೂ ಇದ್ದವು. ರಿಬ್ಕಾ ಬರೆದವರಿಗೆ ಜೀವಮಾನದ ನಿಷೇಧವನ್ನೂ ಹಾಕಿದರು. ಅದು ಅತಿಯಾಯಿತು ಅಂತ ನನ್ನ ಅನಿಸಿಕೆ.

ನೀವು ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೀರಿ. ಜಿಪಿಎಲ್ ಕಾಪಿ ಮಾಡಬೇಡ ಅನ್ನುವುದಿಲ್ಲ. ಎಂಜಿನ್ನನ್ನು ಬೇರೆಯವರಿಗೆ ಕೊಟ್ಟರೆ ಸೋರ್ಸನ್ನೂ ಕೊಡು, ಮೂಲ ಲೇಖಕರ ಹೆಸರು ಅಳಿಸಬೇಡ ಅನ್ನುತ್ತದೆ. ಸ್ಟಾಕ್‌ಫಿಶ್‌ನವರು 2021ರಲ್ಲಿ ಚೆಸ್ ಸಾಫ್ಟ್‌ವೇರ್ ಮಾರುವ ಚೆಸ್‌ಬೇಸ್ ಕಂಪನಿಯ ಮೇಲೆ ಕೋರ್ಟಿಗೆ ಹೋದದ್ದು ಈ ಲೈಸೆನ್ಸ್ ವಿಷಯಕ್ಕೇ. 2022ರಲ್ಲಿ ರಾಜಿಯಾಯಿತು. ಟೂರ್ನಮೆಂಟ್ ಕೇಳುವುದು ಬೇರೆ: ಇದನ್ನು ಬರೆದವರು ಯಾರು? ಲೈಸೆನ್ಸ್ ಅಕ್ಷರ ತಪ್ಪದೆ ಪಾಲಿಸಿದರೂ ಅಲ್ಲಿ ನಿಮ್ಮನ್ನು ಹೊರಗೆ ಹಾಕಬಹುದು.

ಐಡಿಯಾ ಧಾರಾಳವಾಗಿ ತಗೊಳ್ಳಿ. ಸ್ಟಾಕ್‌ಫಿಶ್ ಈಗ ಇವ್ಯಾಲ್ಯುಯೇಷನ್‌ಗೆ ನೆಚ್ಚಿಕೊಂಡಿರುವ ಎನ್‌ಎನ್‌ಯುಇ ಎಂಬ ನ್ಯೂರಲ್ ನೆಟ್‌ವರ್ಕ್ ಕೂಡ ಶೋಗಿ (ಜಪಾನಿನ ಚೆಸ್‌ನಂಥ ಆಟ) ಎಂಜಿನ್‌ಗಳಿಂದ ಬಂದದ್ದು, 2018ರಲ್ಲಿ ಯು ನಾಸು ಮಾಡಿದ್ದು. ಕೋಡೇ ಬೇಕು ಅಂದರೆ "ಇದು ಸ್ಟಾಕ್‌ಫಿಶ್‌ನ ಫೋರ್ಕ್" (ಅದರ ಕೋಡನ್ನು ತಗೊಂಡು ಬದಲಿಸಿದ್ದು) ಅಂತ ಹೆಸರಿನಲ್ಲೇ ಹಾಕಿ, ಟೂರ್ನಮೆಂಟ್ ಆಸೆ ಬಿಡಿ. ಟೂರ್ನಮೆಂಟೇ ಮುಖ್ಯ ಅಂದರೆ ಕಾಯಿಗಳ ಬೆಲೆ ಮತ್ತು ನಿಮ್ಮದೇ ಒರಟು ಟೇಬಲ್‌ನಿಂದ ಶುರು ಮಾಡಿ, ನಿಮ್ಮ ಎಂಜಿನ್ ಆಡಿದ ಆಟಗಳ ಫಲಿತಾಂಶ ಹಿಡಿದು ಟ್ಯೂನ್ ಮಾಡಿ. ಮೊದಮೊದಲು ಚೆನ್ನಾಗಿ ಸೋಲುತ್ತೀರಿ. ಸ್ಟಾಕ್‌ಫಿಶ್ ಕೊಡುವ ಸ್ಕೋರ್‌ಗಳನ್ನೇ ಗುರಿಯಾಗಿಟ್ಟು ಟ್ಯೂನ್ ಮಾಡುವ ಯೋಚನೆ ಇದ್ದರೆ ಆಯೋಜಕರಿಗೆ ಮೊದಲೇ ಒಂದು ಮೇಲ್ ಹಾಕಿ. ಎಲ್ಲರೂ ಅದನ್ನು ಒಪ್ಪುವುದಿಲ್ಲ.